ಆಕಾಶದಲ್ಲಿ ಗುಟ್ಟು ಉಳಿಯುವುದಿಲ್ಲ

1955ರ ಜುಲೈ 2. ನ್ಯೂಯಾರ್ಕ್‌ನಿಂದ ಮಯಾಮಿಗೆ ಹೊರಟ ಪ್ಯಾನ್ ಆ್ಯಮ್ ಸಂಸ್ಥೆಯ 914 ನಂಬರಿನ ವಿಮಾನ 57 ಪ್ರಯಾಣಿಕರೊಂದಿಗೆ ಕಣ್ಮರೆಯಾಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. 37 ವರ್ಷಗಳ ನಂತರ ಒಂದು ದಿನ ವೆನೆಜುವೆಲಾದ ಕರಾಕಸ್ ವಿಮಾನ ನಿಲ್ದಾಣದಲ್ಲಿ ಹಳೆಯ ಕಾಲದ ಪ್ರೊಪೆಲ್ಲರ್ ವಿಮಾನವೊಂದು ರೇಡಾರ್‌ಗೂ ಕಾಣದೆ ಬಂದು ಇಳಿಯಿತು. ‘ನಾವು ಎಲ್ಲಿದ್ದೇವೆ?’ ಎಂದು ಪೈಲಟ್ ಕೇಳಿದ. ಇಸವಿ ಯಾವುದೆಂದು ತಿಳಿದದ್ದೇ ಬೆಚ್ಚಿಬಿದ್ದ. ಯಾರೂ ಹತ್ತಿರ ಬರಬೇಡಿ ಎಂದು ಕೂಗಿ, ಮತ್ತೆ ಆಕಾಶಕ್ಕೇರಿ ಮಾಯವಾದ. ಅವನ ಕೈಯಿಂದ ಜಾರಿ ಬಿದ್ದ 1955ರ ಪುಟ್ಟ ಕ್ಯಾಲೆಂಡರ್ ಒಂದೇ ರನ್‌ವೇ ಮೇಲೆ ಉಳಿಯಿತು.

ಈ ಕಥೆಯನ್ನು ನೀವು ಎಲ್ಲೋ ಕೇಳಿರುತ್ತೀರಿ, ಇಲ್ಲವೇ ಯಾರೋ ನಿಮ್ಮ ಮೊಬೈಲ್‌ಗೆ ಕಳಿಸಿರುತ್ತಾರೆ. ಯೂಟ್ಯೂಬ್‌ನಲ್ಲಿ ಹಲವು ಭಾಷೆಗಳಲ್ಲಿ ಇದರ ವಿಡಿಯೊಗಳಿವೆ. ಹಿನ್ನೆಲೆಯಲ್ಲಿ ನಡುಕ ಹುಟ್ಟಿಸುವ ಸಂಗೀತ, ಮೋಡಗಳ ನಡುವೆ ತೂಗಾಡುವ ವಿಮಾನ, ‘ವಿಜ್ಞಾನಿಗಳಿಗೂ ಬಿಡಿಸಲಾಗದ ರಹಸ್ಯ’ ಎಂಬ ಒಕ್ಕಣೆ. ಇಂಥ ಘಟನೆ ನಡೆದೇ ಇಲ್ಲ. ಆ ವಿಮಾನ ಹಾರಲೂ ಇಲ್ಲ, ಕಾಣೆಯಾಗಲೂ ಇಲ್ಲ, ಇಳಿಯಲೂ ಇಲ್ಲ.

ಕಥೆ ಹುಟ್ಟಿದ ಜಾಗ ಗೊತ್ತಿದೆ. ಅಮೆರಿಕದ ಫ್ಲಾರಿಡಾದಿಂದ ‘ವೀಕ್ಲಿ ವರ್ಲ್ಡ್ ನ್ಯೂಸ್’ ಎಂಬ ಪತ್ರಿಕೆ ಹೊರಡುತ್ತಿತ್ತು. ಅದರ ಮಾಲೀಕರ ಮುಖ್ಯ ಪತ್ರಿಕೆ ‘ನ್ಯಾಷನಲ್ ಎನ್‌ಕ್ವೈರರ್’ ಬಣ್ಣದ ಮುದ್ರಣಕ್ಕೆ ಬದಲಾದಾಗ ಹಳೆಯ ಕಪ್ಪು-ಬಿಳುಪು ಮುದ್ರಣ ಯಂತ್ರ ಕೆಲಸವಿಲ್ಲದೆ ನಿಂತಿತು. ಅದನ್ನು ಸುಮ್ಮನೆ ಬಿಡಬಾರದೆಂದು 1979ರಲ್ಲಿ ಈ ಪತ್ರಿಕೆ ಶುರುವಾಯಿತು. ಅನ್ಯಗ್ರಹ ಜೀವಿಗಳು, ಅರ್ಧ ಬಾವಲಿ ಅರ್ಧ ಹುಡುಗ, ಸತ್ತಮೇಲೂ ಓಡಾಡುವ ಗಾಯಕರು ಅದರ ಮುಖಪುಟದ ಖಾಯಂ ಸರಕು. 914ರ ಕಥೆಯನ್ನು ಅದು 1985ರಲ್ಲಿ ಮೊದಲು ಅಚ್ಚು ಹಾಕಿತು, 90ರ ದಶಕದಲ್ಲಿ ಮತ್ತೆ ಅಚ್ಚು ಹಾಕಿತು. ಮೊದಲ ಸಲ ವಿಮಾನ ಕರಾಕಸ್‌ನಲ್ಲಿ ಇಳಿದದ್ದು 1985ರಲ್ಲಿ, ಮುಂದಿನ ಸಲದ ಹೊತ್ತಿಗೆ 1992ರಲ್ಲಿ. ಕಣ್ಣಾರೆ ಕಂಡವನೆಂದು ಹೇಳಿದ ಕಂಟ್ರೋಲ್ ಟವರ್ ನೌಕರನ ಹೆಸರು ಅದೇ ಇತ್ತು, ಫೋಟೊದಲ್ಲಿನ ಮನುಷ್ಯ ಮಾತ್ರ ಬೇರೆ. ಇದೇ ಪತ್ರಿಕೆ 1989ರಲ್ಲಿ, ಜರ್ಮನಿಯಿಂದ 1954ರಲ್ಲಿ ಹೊರಟ ವಿಮಾನವೊಂದು 92 ಅಸ್ಥಿಪಂಜರಗಳನ್ನು ಹೊತ್ತು ಬ್ರೆಜಿಲ್‌ನಲ್ಲಿ ಇಳಿಯಿತೆಂದೂ ಬರೆದಿತ್ತು. ಆ ಕಥೆಯೂ ಇಂದಿಗೂ ಸುತ್ತುತ್ತಲೇ ಇದೆ.

ಪತ್ರಿಕೆಯ ಹಣೆಬರಹ ಗೊತ್ತಿಲ್ಲದವರಿಗೂ ಕಥೆಯನ್ನು ಒಡೆದು ನೋಡಲು ದಾರಿಯಿತ್ತು. 1955ರಲ್ಲಿ ಅಮೆರಿಕದೊಳಗೆ ಯಾವ ವಿಮಾನ ಸಂಸ್ಥೆ ಯಾವ ಊರಿನಿಂದ ಯಾವ ಊರಿಗೆ ಹಾರಬೇಕೆಂಬುದನ್ನು ಅಲ್ಲಿನ ಸರ್ಕಾರದ ಮಂಡಳಿ ನಿಗದಿ ಮಾಡುತ್ತಿತ್ತು. ಪ್ಯಾನ್ ಆ್ಯಮ್‌ಗೆ ಕೊಟ್ಟದ್ದು ಹೊರದೇಶದ ಮಾರ್ಗಗಳನ್ನು. ನ್ಯೂಯಾರ್ಕ್–ಮಯಾಮಿ ನಡುವಿನ ಪ್ರಯಾಣಿಕರನ್ನು ಒಯ್ಯುತ್ತಿದ್ದದ್ದು ಈಸ್ಟರ್ನ್ ಮತ್ತು ನ್ಯಾಷನಲ್ ಎಂಬ ಸಂಸ್ಥೆಗಳು. ದೇಶದೊಳಗಿನ ಮಾರ್ಗಕ್ಕಾಗಿ ಪ್ಯಾನ್ ಆ್ಯಮ್ ದಶಕಗಳ ಕಾಲ ಅಂಗಲಾಚಿತು, ದಕ್ಕಲಿಲ್ಲ. 1978ರಲ್ಲಿ ನಿಯಂತ್ರಣ ತೆಗೆದು, 1980ರಲ್ಲಿ ಅದು ನ್ಯಾಷನಲ್ ಸಂಸ್ಥೆಯನ್ನೇ ಕೊಂಡುಕೊಂಡ ಮೇಲೆ ಆ ಆಸೆ ಕೈಗೂಡಿತು. ಅಂದರೆ ಕಥೆಯ ಮೊದಲ ಸಾಲಿನಲ್ಲೇ, ಪ್ಯಾನ್ ಆ್ಯಮ್ ಟಿಕೆಟ್ ಮಾರಲಾಗದ ಮಾರ್ಗದಲ್ಲಿ ಪ್ಯಾನ್ ಆ್ಯಮ್ ವಿಮಾನ ಹಾರಿಬಿಟ್ಟಿದೆ. ಕಾಲಯಾನ ಸಾಧ್ಯವೇ, ಭೌತಶಾಸ್ತ್ರ ಏನನ್ನುತ್ತದೆ ಎಂಬ ಚರ್ಚೆಗೆ ಇಳಿಯುವ ಅಗತ್ಯವೇ ಬೀಳಲಿಲ್ಲ.

‘ಆ ಕಾಲದಲ್ಲಿ ಯಾರು ಲೆಕ್ಕ ಇಡುತ್ತಿದ್ದರು, ಒಂದು ವಿಮಾನ ಮರೆತುಹೋಗಿರಬಹುದು’ ಎಂದು ವಾದಿಸುವವರಿದ್ದಾರೆ. ಅವರು ಅದೇ 1955ರ ಏಪ್ರಿಲ್‌ನಲ್ಲಿ ನಮ್ಮದೇ ಏರ್ ಇಂಡಿಯಾ ವಿಮಾನಕ್ಕೆ ಏನಾಯಿತೆಂದು ತಿಳಿಯಬೇಕು. ‘ಕಾಶ್ಮೀರ್ ಪ್ರಿನ್ಸೆಸ್’ ಎಂಬ ಹೆಸರಿನ ಕಾನ್‌ಸ್ಟೆಲೇಷನ್ ವಿಮಾನ ಅದು. ಏಷ್ಯಾ–ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನಕ್ಕೆ ಹೊರಟಿದ್ದ ಚೀನಾ ನಿಯೋಗಕ್ಕಾಗಿ ಗೊತ್ತುಮಾಡಿದ್ದು. ಏಪ್ರಿಲ್ 11ರಂದು ಹಾಂಗ್‌ಕಾಂಗ್‌ನಿಂದ ಜಕಾರ್ತಾಗೆ ಹಾರುತ್ತಿದ್ದಾಗ ನಡು ಆಕಾಶದಲ್ಲಿ ಸ್ಫೋಟವಾಗಿ, ನಟುನಾ ದ್ವೀಪಗಳ ಬಳಿ ಸಮುದ್ರಕ್ಕೆ ಬಿತ್ತು. ಒಳಗಿದ್ದ 19 ಜನರಲ್ಲಿ 16 ಮಂದಿ ಸತ್ತರು, ಮೂವರು ಸಿಬ್ಬಂದಿ ಬದುಕಿ ಬಂದರು. ಕ್ಯಾಪ್ಟನ್ ಡಿ.ಕೆ. ಜಟಾರ್ ಉರಿಯುವ ವಿಮಾನವನ್ನು ಕೊನೆಯವರೆಗೂ ಹತೋಟಿಯಲ್ಲಿಟ್ಟು ನೀರಿಗಿಳಿಸಲು ಹೆಣಗಿ ಅದರಲ್ಲೇ ಪ್ರಾಣ ಬಿಟ್ಟರು. ಚೀನಾ ಪ್ರಧಾನಿ ಚೌ ಎನ್‌ಲಾಯ್ ಅದೇ ವಿಮಾನದಲ್ಲಿ ಇರಬೇಕಿತ್ತು. ಅವರು ಕೊನೆಗೆ ಬೇರೆ ದಾರಿ ಹಿಡಿದು ಬಾಂಡುಂಗ್ ತಲುಪಿದರು.

ಸಿನಿಮಾಗೆ ಬೇಕಾದದ್ದೆಲ್ಲ ಇದರಲ್ಲಿದೆ, ಗಾಳಿಸುದ್ದಿಗೆ ಬೇಕಾದದ್ದೂ ಇದೆ. ಆದರೆ ಇದು ಗಾಳಿಸುದ್ದಿಯಾಗಿ ಉಳಿಯಲಿಲ್ಲ. ಸಮುದ್ರದ ತಳದಿಂದ ಅವಶೇಷಗಳನ್ನು ಎತ್ತಿದರು. ಬಲಗಡೆಯ ಚಕ್ರಗಳನ್ನು ಮಡಚಿಡುವ ಗೂಡಿನಲ್ಲಿ ಟೈಮ್ ಬಾಂಬ್ ಸಿಡಿದ ಗುರುತುಗಳು ಸಿಕ್ಕವು. ಹಾಂಗ್‌ಕಾಂಗ್ ನಿಲ್ದಾಣದಲ್ಲಿ ವಿಮಾನ ಸ್ವಚ್ಛ ಮಾಡುತ್ತಿದ್ದ ನೌಕರನೊಬ್ಬನ ಮೇಲೆ ಅನುಮಾನ ಬಂತು. ಪೊಲೀಸರು ಹಿಡಿಯುವ ಮೊದಲೇ ಅವನು ತೈವಾನ್‌ಗೆ ಪರಾರಿಯಾದ. ಭಾರತದ ಪರವಾಗಿ ತನಿಖೆಗೆ ನೆಹರೂ ಕಳಿಸಿದ ಅಧಿಕಾರಿ ಆರ್.ಎನ್. ಕಾವ್; ಮುಂದೆ 1968ರಲ್ಲಿ ‘ರಾ’ ಗುಪ್ತಚರ ಸಂಸ್ಥೆಯನ್ನು ಕಟ್ಟಿದವರು ಅವರೇ. ಉಪಗ್ರಹವಿಲ್ಲದ, ಕಂಪ್ಯೂಟರ್ ಅಪರೂಪವಾಗಿದ್ದ, ಬ್ಲ್ಯಾಕ್ ಬಾಕ್ಸ್ ಬಳಕೆಗೆ ಬಾರದ ಕಾಲದಲ್ಲಿ, ನಡುಸಮುದ್ರದಲ್ಲಿ ಬಿದ್ದ ವಿಮಾನದ ಯಾವ ಗೂಡಿನಲ್ಲಿ ಬಾಂಬ್ ಇತ್ತು ಎಂಬುದು ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕ್‌ನಂಥ ಊರಿನಿಂದ 57 ಜನ ಹೊರಟು ಕಾಣೆಯಾದರೆ ಒಂದು ಪತ್ರಿಕೆಯಲ್ಲೂ ಒಂದು ಸಾಲು ಬಾರದೆ ಇರುತ್ತದೆಯೇ? 57 ಮನೆಗಳಲ್ಲಿ ಒಬ್ಬ ತಾಯಿಯೂ, ಒಬ್ಬ ಹೆಂಡತಿಯೂ ‘ನಮ್ಮವರೆಲ್ಲಿ?’ ಎಂದು ಕೇಳದೆ ಇರುತ್ತಾರೆಯೇ?

ಬಸ್ಸಿನಲ್ಲಿ, ರೈಲಿನಲ್ಲಿ, ಸಂತೆಯಲ್ಲಿ ನಡೆದ ಗಲಾಟೆಯ ನಿಜ ಸುಳ್ಳು ಪತ್ತೆಮಾಡುವುದು ಕಷ್ಟ. ವಿಮಾನದ ವಿಷಯ ಹಾಗಲ್ಲ. ಮನುಷ್ಯ ಮಾಡುವ ಕೆಲಸಗಳಲ್ಲಿ ಇಷ್ಟು ಕಾಗದಪತ್ರ ಹುಟ್ಟಿಸುವ ಕೆಲಸ ಇನ್ನೊಂದಿಲ್ಲ. ಯಾರು ಹತ್ತಿದರು, ಯಾವ ಸೀಟಿನಲ್ಲಿ ಕೂತರು, ಬ್ಯಾಗು ಎಷ್ಟು ತೂಗಿತು, ಎಷ್ಟು ಇಂಧನ ತುಂಬಿದರು, ಗೇಟಿನಿಂದ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹಿಂದಕ್ಕೆ ಸರಿಯಿತು, ಟವರ್ ಏನು ಹೇಳಿತು, ಪೈಲಟ್ ಏನು ಉತ್ತರಿಸಿದ, ಹಿಂದಿನ ರಾತ್ರಿ ಯಾವ ಮೆಕ್ಯಾನಿಕ್ ಯಾವ ಭಾಗ ಬದಲಿಸಿ ಸಹಿ ಹಾಕಿದ, ಎಲ್ಲಕ್ಕೂ ದಾಖಲೆಯಿದೆ. ಈಗಂತೂ ಹಾರುತ್ತಿರುವ ಹೆಚ್ಚಿನ ಪ್ರಯಾಣಿಕ ವಿಮಾನಗಳ ಎತ್ತರ, ವೇಗ, ದಿಕ್ಕುಗಳನ್ನು ಯಾರು ಬೇಕಾದರೂ ಮೊಬೈಲ್‌ನಲ್ಲಿ ನೋಡಬಹುದು. ಆದ್ದರಿಂದಲೇ ವಿಮಾನದ ಬಗ್ಗೆ ರೋಚಕ ಸುದ್ದಿ ಬಂದಾಗ ಅನುಮಾನಪಡುವುದು ಸಿನಿಕತನವಲ್ಲ. ಕೈಗೆಟುಕುವ ಕಡತವನ್ನು ತೆರೆಯದೆ ನಂಬುವುದೇ ತಪ್ಪು. ಆ ತಪ್ಪಿನಿಂದ ನೋಯುವವರು ಬೇರೆಯವರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

914ರ ಕಥೆಯಿಂದ ಯಾರಿಗೂ ಗಾಯವಾಗಲಿಲ್ಲ. ಏರ್‌ಟ್ರಾನ್ 297ರ ಕಥೆ ಹಾಗಲ್ಲ.

2009ರ ನವೆಂಬರ್ 17ರಂದು ಅಮೆರಿಕದ ಅಟ್ಲಾಂಟಾದಿಂದ ಹ್ಯೂಸ್ಟನ್‌ಗೆ ಹೊರಡಬೇಕಿದ್ದ ವಿಮಾನವದು. ಕೆಲವು ದಿನಗಳಲ್ಲಿ ಒಂದು ಇ-ಮೇಲ್ ದೇಶವೆಲ್ಲ ಹರಿದಾಡಿತು. ಬರೆದವನು ‘ನಾನು ಆ ವಿಮಾನದಲ್ಲಿದ್ದೆ’ ಎಂದು ಶುರುಮಾಡಿದ್ದ. ಮುಸ್ಲಿಂ ಉಡುಪಿನ ಗಂಡಸರ ಗುಂಪೊಂದು ಮೊಬೈಲ್ ಆರಿಸಲು ಒಪ್ಪದೆ, ಸಿಬ್ಬಂದಿಯನ್ನು ಬೆದರಿಸಿ, ದಾಂಧಲೆ ಎಬ್ಬಿಸಿತಂತೆ. ತಾನೂ ಇನ್ನೊಬ್ಬನೂ ಎದ್ದು ನಿಂತು ಅವರನ್ನು ಹಿಡಿದು ಕೂರಿಸಿದರಂತೆ. ಇದು ಭಯೋತ್ಪಾದಕರ ತಾಲೀಮಂತೆ, ವಿಮಾನ ಸಂಸ್ಥೆ ಮುಚ್ಚಿಹಾಕುತ್ತಿದೆಯಂತೆ. ಕೊನೆಯಲ್ಲಿ, ಎಲ್ಲರಿಗೂ ತಿಳಿಸಿ ಎಂಬ ಮನವಿ.

ನಡೆದದ್ದು ಏನು? ವಿಮಾನ ಗೇಟಿನಿಂದ ಹೊರಟು ರನ್‌ವೇ ಕಡೆಗೆ ಸಾಗುತ್ತಿದ್ದಾಗ ಒಬ್ಬ ಪ್ರಯಾಣಿಕ ಕೈಯಲ್ಲಿದ್ದ ಮೊಬೈಲ್ ಆರಿಸಲಿಲ್ಲ. ಗಗನಸಖಿ ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ, ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ವಿಮಾನ ಗೇಟಿಗೆ ವಾಪಸಾಯಿತು, ಭದ್ರತಾ ಸಿಬ್ಬಂದಿ ಬಂದು ವಿಚಾರಿಸಿದರು, ಅಪಾಯವೇನೂ ಕಾಣಲಿಲ್ಲ. ತಡವಾಗಿ ವಿಮಾನ ಹೊರಟು ಹ್ಯೂಸ್ಟನ್ ತಲುಪಿತು. ಇ-ಮೇಲ್ ಬರೆದವನು? ವಿಮಾನ ಸಂಸ್ಥೆ ತನ್ನ ಪ್ರಯಾಣಿಕರ ಪಟ್ಟಿ ತೆಗೆದು ನೋಡಿತು. ಆತ ಬೇರೆ ಊರಿನಿಂದ ಬಂದು ಅಟ್ಲಾಂಟಾದಲ್ಲಿ ಈ ವಿಮಾನ ಹತ್ತಬೇಕಿತ್ತು. ಅವನನ್ನು ತಂದ ವಿಮಾನ ತಡವಾಗಿತ್ತು. ಅದು ಇಳಿಯುವ ಮೊದಲೇ 297 ಗೇಟು ಬಿಟ್ಟಿತ್ತು. ಆತ ಆ ವಿಮಾನದಲ್ಲಿ ಇರಲೇ ಇಲ್ಲ ಎಂದು ಸಂಸ್ಥೆ ಬಹಿರಂಗವಾಗಿ ಹೇಳಿತು.

ಇಲ್ಲಿ ನಾನು ಆ ಇಂಗ್ಲಿಷ್ ಬಾರದ ಪ್ರಯಾಣಿಕನ ಬಗ್ಗೆ ಯೋಚಿಸುತ್ತೇನೆ. ಅವನ ಹೆಸರು ನಮಗೆ ಬೇಕಿಲ್ಲ. ಆದರೆ ಅವನ ಪರಿಸ್ಥಿತಿ ಕನ್ನಡಿಗರಿಗೆ ಹೊಸದಲ್ಲ. ಮಂಗಳೂರಿನಿಂದ, ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗುವ ವಿಮಾನಗಳಲ್ಲಿ ಮೊದಲ ಸಲ ಕೂತವರನ್ನು ನೋಡಿ. ಕಟ್ಟಡದ ಕೆಲಸಕ್ಕೋ ಮನೆಗೆಲಸಕ್ಕೋ ಹೊರಟವರು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರು. ಬೆಲ್ಟ್ ಹಾಕಿಕೊಳ್ಳುವುದು ಹೇಗೆಂದು ಪಕ್ಕದವರನ್ನು ನೋಡಿ ಕಲಿಯುತ್ತಾರೆ. ಗಗನಸಖಿ ಇಂಗ್ಲಿಷಿನಲ್ಲಿ ಏನೋ ಹೇಳಿದರೆ ಮುಗುಳ್ನಕ್ಕು ತಲೆಯಾಡಿಸುತ್ತಾರೆ. ಮನೆಯವರಿಗೆ ‘ಹೊರಟೆವು’ ಎಂದು ಹೇಳಲು ಮೊಬೈಲ್ ಕಿವಿಗಿಟ್ಟುಕೊಂಡೇ ಇರುತ್ತಾರೆ. ಅವರಲ್ಲಿ ಒಬ್ಬರ ಗಡ್ಡವೋ ಟೊಪ್ಪಿಯೋ ಸೀರೆಯೋ ಮತ್ತೊಬ್ಬ ಪ್ರಯಾಣಿಕನ ಕಣ್ಣಿಗೆ ಭಯವಾಗಿ ಕಂಡು, ಆ ಭಯ ಒಂದು ವೀರಗಾಥೆಯಾಗಿ, ವಿಮಾನದಲ್ಲಿ ಇಲ್ಲದವನೊಬ್ಬ ಅದರ ನಾಯಕನಾಗಿಬಿಡಬಹುದು. 297ರಲ್ಲಿ ಆದದ್ದು ಅದೇ. ಅಂಥ ಸುದ್ದಿಯನ್ನು ಓದಿದ ಸಾವಿರಾರು ಜನ ಮುಂದಿನ ಪ್ರಯಾಣದಲ್ಲಿ ತಮ್ಮ ಪಕ್ಕದ ಸೀಟಿನವನನ್ನು ಯಾವ ಕಣ್ಣಿನಿಂದ ನೋಡಿರಬೇಕು?

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತೇವೆ. 297ರಲ್ಲೂ ಒಂದು ಸಣ್ಣ ಕಿಡಿ ಇತ್ತು: ವಿಮಾನ ಗೇಟಿಗೆ ಹಿಂದಿರುಗಿದ್ದು ನಿಜ. ಹೀಗೆ ಒಂದು ಎಳೆ ನಿಜವಾಗಿರುವ ಸುದ್ದಿಯೇ ಹೆಚ್ಚು ಅಪಾಯಕಾರಿ. ಆ ಎಳೆಯನ್ನು ತೋರಿಸಿ ಉಳಿದದ್ದನ್ನೆಲ್ಲ ನಂಬಿಸಬಹುದು.

ಹಾಗಾದರೆ ರೋಚಕವಾದದ್ದೆಲ್ಲ ಸುಳ್ಳೇ? ಖಂಡಿತ ಅಲ್ಲ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನ 17 ಸಾವಿರ ಅಡಿ ಎತ್ತರದಲ್ಲಿದ್ದಾಗ ಕಾಕ್‌ಪಿಟ್ಟಿನ ಎಡಗಡೆಯ ಗಾಜು ಕಿತ್ತು ಹಾರಿಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅವರ ಸೊಂಟದಿಂದ ಮೇಲಿನ ಭಾಗ ಹೊರಕ್ಕೆ ಸೆಳೆದುಹೋಯಿತು. ಒಳಗೆ ಓಡಿ ಬಂದ ಸಿಬ್ಬಂದಿ ನೈಜೆಲ್ ಆಗ್ಡನ್, ಕ್ಯಾಪ್ಟನ್ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡರು. ಕೊರೆಯುವ ಗಾಳಿಯಲ್ಲಿ ಅವರ ಕೈ ಸೋತಾಗ ಬೇರೆ ಸಹೋದ್ಯೋಗಿಗಳು ಹಿಡಿದರು. ಹೊರಗೆ ತೂಗುತ್ತಿದ್ದ ಮನುಷ್ಯ ಸತ್ತೇ ಹೋಗಿದ್ದಾನೆಂದು ಎಲ್ಲರೂ ಅಂದುಕೊಂಡಿದ್ದರು. ಕೋ-ಪೈಲಟ್ ಅಲಸ್ಟೇರ್ ಅಚಿಸನ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಒಬ್ಬರೂ ಸಾಯಲಿಲ್ಲ.

914ಕ್ಕಿಂತ ಇದು ನಂಬಲು ಕಷ್ಟವಾದ ಕಥೆ. ಆದರೂ ಇದು ನಿಜ. ಇದರ ಕಡತ ತೆರೆದರೆ ಅಲ್ಲಿ ಸಾಹಸಕ್ಕಿಂತ ಹೆಚ್ಚು ಜಾಗ ಪಡೆದಿರುವುದು ಬೋಲ್ಟ್‌ಗಳು. ಆ ಗಾಜನ್ನು ಹಾರಾಟಕ್ಕೆ ಸುಮಾರು 27 ಗಂಟೆ ಮೊದಲು, ರಾತ್ರಿಪಾಳಿಯಲ್ಲಿ, ಹೊಸದಾಗಿ ಕೂರಿಸಿದ್ದರು. ಹಿಡಿದಿಡುವ ಬೋಲ್ಟ್‌ಗಳು 90. ಅವುಗಳಲ್ಲಿ 84 ಬೋಲ್ಟ್‌ಗಳ ದಪ್ಪ ಬೇಕಾದದ್ದಕ್ಕಿಂತ 0.026 ಇಂಚು ಕಡಿಮೆ, ಅಂದರೆ ಮುಕ್ಕಾಲು ಮಿಲಿಮೀಟರೂ ಇಲ್ಲ. ಉಳಿದ ಆರರ ದಪ್ಪ ಸರಿಯಿತ್ತು, ಉದ್ದ ಸಾಲದು. ಹಳೆಯ ಬೋಲ್ಟ್ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ಹೊಸದನ್ನು ಆರಿಸಲಾಗಿತ್ತು, ಬಿಡಿಭಾಗಗಳ ಕೈಪಿಡಿಯನ್ನು ತೆರೆದು ನೋಡಿರಲಿಲ್ಲ. ನಿಜವಾದ ಘಟನೆಗೆ ಇಂಥ ನೀರಸ ವಿವರ ಅಂಟಿಕೊಂಡೇ ಬರುತ್ತದೆ. ಕಟ್ಟುಕಥೆಯಲ್ಲಿ ವೀರನಿರುತ್ತಾನೆ, ಖಳನಿರುತ್ತಾನೆ, ಮುಚ್ಚಿಹಾಕುವ ಸರ್ಕಾರವಿರುತ್ತದೆ. ಬೋಲ್ಟ್ ಇರುವುದಿಲ್ಲ.

ನಮ್ಮ ಊರಿನ ಕಡತವೊಂದು ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದೇ 1990ರ ಫೆಬ್ರುವರಿ 14ರಂದು ಮುಂಬೈನಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದ ಮೇಲೆ ಬಿದ್ದು ಹೊತ್ತಿ ಉರಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಏರ್‌ಬಸ್ ಎ-320 ಆಗಿನ್ನೂ ಹೊಸದು, ಕಂಪ್ಯೂಟರ್ ನಡೆಸುವ ವಿಮಾನ ಎಂದೇ ಹೆಸರು. ಕಂಪ್ಯೂಟರೇ ಕೊಂದಿತು, ಪೈಲಟ್ ಹೇಳಿದ್ದನ್ನು ಯಂತ್ರ ಕೇಳಲಿಲ್ಲ ಎಂಬ ಮಾತು ಬೆಂಕಿ ಆರುವ ಮೊದಲೇ ಹಬ್ಬಿತು. ಸರ್ಕಾರ ಆ ಮಾದರಿಯ ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು. ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು.

ಆ ತನಿಖೆ ತಲುಪಿದ ಜಾಗದಲ್ಲಿ ಎರಡು ಸಣ್ಣ ಗುಂಡಿಗಳಿವೆ. ಕಾಕ್‌ಪಿಟ್ಟಿನ ಮುಂದಿನ ಫಲಕದಲ್ಲಿ ಅಕ್ಕಪಕ್ಕ ಇರುವ, ಬೆರಳಿನಿಂದ ತಿರುಗಿಸುವ ಗುಂಡಿಗಳು. ಒಂದರಿಂದ ವಿಮಾನ ಯಾವ ಎತ್ತರಕ್ಕೆ ಹೋಗಬೇಕೆಂದು ಹೇಳಬಹುದು, ಇನ್ನೊಂದರಿಂದ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಹೇಳಬಹುದು. ನಿಮಿಷಕ್ಕೆ 700 ಅಡಿ ಇಳಿಸುವ ಉದ್ದೇಶದಲ್ಲಿ ಪೈಲಟ್ ಪಕ್ಕದ ಗುಂಡಿ ತಿರುಗಿಸಿ 700 ಅಡಿ ಎತ್ತರವನ್ನು ಆರಿಸಿರುವ ಸಾಧ್ಯತೆಯಿದೆ ಎಂದು ವರದಿ ಕಂಡುಕೊಂಡಿತು. ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. ಇಲ್ಲಿ 700 ಅಡಿ ಎಂದರೆ ನೆಲದೊಳಗೆ. ಎಂಜಿನ್‌ಗಳು ಕನಿಷ್ಠ ವೇಗದಲ್ಲೇ ಉಳಿದವು, ವಿಮಾನ ಇಳಿಯುತ್ತಲೇ ಹೋಯಿತು. ವೇಗ ಕುಸಿಯುತ್ತಿರುವುದು ಇಬ್ಬರೂ ಪೈಲಟ್‌ಗಳ ಗಮನಕ್ಕೆ ಸಕಾಲದಲ್ಲಿ ಬರಲಿಲ್ಲ. ಗೊತ್ತಾಗಿ ಎಂಜಿನ್‌ಗೆ ಶಕ್ತಿ ಕೊಟ್ಟಾಗ ನೆಲ ಬಂದಾಗಿತ್ತು. ಕಂಪ್ಯೂಟರ್ ಮೊಂಡು ಹಿಡಿಯಲಿಲ್ಲ, ಹೇಳಿದ್ದನ್ನೇ ಮಾಡಿತು. ಆದರೆ ಅಷ್ಟು ಹತ್ತಿರ ಎರಡು ಗುಂಡಿಗಳಿರಬೇಕೇ, ಹೊಸ ಯಂತ್ರಕ್ಕೆ ಮನುಷ್ಯನನ್ನು ಹೇಗೆ ತಯಾರು ಮಾಡಬೇಕು ಎಂಬ ಪ್ರಶ್ನೆಗಳು ಉಳಿದವು. ‘ಕಂಪ್ಯೂಟರ್ ಕೊಂದಿತು’ ಎಂಬ ಗಾಳಿಮಾತಿನಿಂದ ಹುಟ್ಟಲಾಗದ ಪ್ರಶ್ನೆಗಳಿವು.

ಮಂಗಳೂರಿನದ್ದು ಇನ್ನೂ ಹಸಿ ಗಾಯ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಜನ ಉಳಿದರು. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ಆ ದಿನವನ್ನು ಮರೆತವರಿಲ್ಲ. ರನ್‌ವೇ ಚಿಕ್ಕದು, ಗುಡ್ಡದ ಮೇಲಿನ ಟೇಬಲ್‌ಟಾಪ್ ಜಾಗವೇ ಶಾಪ ಎಂಬ ಮಾತು ಮೊದಲು ಬಂತು. ಪೈಲಟ್ ಗೊರಕೆ ಹೊಡೆಯುತ್ತಿದ್ದ ಎಂಬ ಮಾತು ನಂತರ ಬಂತು. ಎರಡರಲ್ಲೂ ಒಂದೊಂದು ಎಳೆ ನಿಜವಿದೆ. ರನ್‌ವೇ ತುದಿಯಲ್ಲಿ ಕಣಿವೆ ಇರುವುದು ನಿಜ. ಗೊರಕೆಯ ಸದ್ದು ಧ್ವನಿಮುದ್ರಿಕೆಯಲ್ಲಿ ದಾಖಲಾಗಿರುವುದೂ ನಿಜ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ವರದಿಯನ್ನು ಓದಿದರೆ ಚಿತ್ರ ಬೇರೆಯಾಗುತ್ತದೆ. ಸುಮಾರು 8,000 ಅಡಿಯ ಆ ರನ್‌ವೇ ಬೋಯಿಂಗ್ 737ಕ್ಕೆ ಸಾಲುವಂಥದ್ದೇ. ಆದರೆ ವಿಮಾನದ ಚಕ್ರಗಳು ನೆಲ ಮುಟ್ಟಿದ್ದು ರನ್‌ವೇ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ರಿಸಿ ಎದ್ದಿದ್ದರು, ಆ ಮಂಪರು ಅವರ ತೀರ್ಮಾನಗಳನ್ನು ಮಬ್ಬು ಮಾಡಿರಬಹುದು. ಮಂಗಳೂರಿನ ರೇಡಾರ್ ಆ ಹೊತ್ತಿನಲ್ಲಿ ಕೆಟ್ಟಿತ್ತು. ಅದರಿಂದಾಗಿ ವಿಮಾನಕ್ಕೆ ಎತ್ತರ ಇಳಿಸಿಕೊಳ್ಳಲು ಅನುಮತಿ ಸಿಕ್ಕಿದ್ದು ತಡವಾಗಿ, ಅದು ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಕೋ-ಪೈಲಟ್ ಹರ್ಬಿಂದರ್ ಸಿಂಗ್ ಅಹ್ಲುವಾಲಿಯಾ ‘ಇಳಿಸುವುದು ಬೇಡ, ಮತ್ತೆ ಮೇಲೇರೋಣ’ ಎಂಬರ್ಥದ ‘ಗೋ ಅರೌಂಡ್’ ಎಂಬ ಮಾತನ್ನು ಮೂರು ಸಲ ಹೇಳಿದ್ದರು. ಚಕ್ರ ನೆಲಕ್ಕೆ ತಾಗಿ, ಬ್ರೇಕ್ ಹಾಕಿ, ಆಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದ್ದು ಕೊನೆಯ ತಪ್ಪಾಯಿತು. ‘ಪೈಲಟ್ ನಿದ್ದೆ ಮಾಡಿದ’ ಎಂಬ ಮೂರು ಪದದ ಸುದ್ದಿಯಲ್ಲಿ ಈ ಕೋ-ಪೈಲಟ್‌ಗೆ ಜಾಗವೇ ಇಲ್ಲ. ಸರಿಯಾದದ್ದನ್ನು ಸರಿಯಾದ ಹೊತ್ತಿಗೆ ಹೇಳಿ, ಕೇಳಿಸಿಕೊಳ್ಳುವವರಿಲ್ಲದೆ ಪ್ರಾಣ ಕಳೆದುಕೊಂಡ ಅವರಿಗೆ ಗಾಳಿಮಾತು ಅನ್ಯಾಯ ಮಾಡಿತು, ವರದಿ ನ್ಯಾಯ ಕೊಟ್ಟಿತು.

ಅಹಮದಾಬಾದಿನ ವಿಷಯದಲ್ಲಿ ನಾವು ಇನ್ನೂ ಕೆಟ್ಟದಾಗಿ ನಡೆದುಕೊಂಡೆವು. 2025ರ ಜೂನ್ 12ರಂದು ಲಂಡನ್‌ಗೆ ಹೊರಟ ಏರ್ ಇಂಡಿಯಾ 171, ನೆಲ ಬಿಟ್ಟ ಸುಮಾರು ಅರ್ಧ ನಿಮಿಷದಲ್ಲಿ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಕಟ್ಟಡಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ 241 ಮಂದಿ, ನೆಲದ ಮೇಲಿದ್ದ 19 ಮಂದಿ, ಒಟ್ಟು 260 ಜೀವಗಳು ಹೋದವು. ಹೊಗೆ ಆರುವ ಮೊದಲೇ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಸುಳ್ಳು ಚಿತ್ರಗಳು ಹರಿದಾಡಿದವು. ಹಕ್ಕಿ ಬಡಿಯಿತೆಂದರು, ವಿಧ್ವಂಸಕ ಕೃತ್ಯವೆಂದರು. ಬದುಕುಳಿದ ಒಬ್ಬರ ಸೀಟು 11ಎ ಎಂದು ತಿಳಿದದ್ದೇ ಆ ಸೀಟೇ ಸುರಕ್ಷಿತ ಎಂಬ ನಂಬಿಕೆ ಹಬ್ಬಿತು. 11ಎ ಒಂದು ವಿಮಾನದಲ್ಲಿ ತುರ್ತು ಬಾಗಿಲ ಬಳಿ ಇರಬಹುದು, ಇನ್ನೊಂದರಲ್ಲಿ ರೆಕ್ಕೆಯ ಮೇಲಿರಬಹುದು. ಸೀಟಿನ ನಂಬರಿಗೆ ರಕ್ಷಿಸುವ ಶಕ್ತಿಯಿಲ್ಲ.

ಒಂದು ತಿಂಗಳ ನಂತರ, ಜುಲೈ 12ರಂದು, ವಿಮಾನ ಅಪಘಾತ ತನಿಖಾ ಬ್ಯೂರೋದ ಪ್ರಾಥಮಿಕ ವರದಿ ಬಂತು. ಹಾರಾಟದ ಹಾದಿಯಲ್ಲಿ ಗಮನಾರ್ಹ ಹಕ್ಕಿಗಳ ಓಡಾಟ ಕಂಡಿಲ್ಲ ಎಂದಿತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ‘ರನ್’ನಿಂದ ‘ಕಟ್‌ಆಫ್’ಗೆ ಬದಲಾದವೆಂದಿತು. ‘ಯಾಕೆ ಕಟ್ ಮಾಡಿದೆ?’ ಎಂದು ಒಬ್ಬ ಪೈಲಟ್ ಇನ್ನೊಬ್ಬರನ್ನು ಕೇಳಿದ್ದೂ, ‘ನಾನು ಮಾಡಿಲ್ಲ’ ಎಂದು ಉತ್ತರ ಬಂದದ್ದೂ ಅದರಲ್ಲಿತ್ತು. ಕೇಳಿದ್ದು ಯಾರು, ಉತ್ತರಿಸಿದ್ದು ಯಾರು ಎಂದು ವರದಿ ಹೇಳಲಿಲ್ಲ, ಯಾರನ್ನೂ ಹೊಣೆ ಮಾಡಲಿಲ್ಲ. ಆದರೆ ವರದಿ ಹೇಳದೆ ಬಿಟ್ಟದ್ದನ್ನು ಟಿ.ವಿ. ಚರ್ಚೆಗಳು, ವಿದೇಶಿ ಪತ್ರಿಕೆಗಳು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳು ತಾವೇ ತುಂಬಿಸಿಕೊಂಡವು. ಕ್ಯಾಪ್ಟನ್ ಬೇಕೆಂದೇ ಮಾಡಿದ ಎಂದು ತೀರ್ಪು ಬರೆದವರೂ ಇದ್ದರು. ಕ್ಯಾಪ್ಟನ್ ಅವರ 90 ದಾಟಿದ ತಂದೆ ಮಗನ ಹೆಸರು ಉಳಿಸಲು ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಮಗ ಸತ್ತ ದುಃಖದ ಜೊತೆಗೆ, ಮಗ ಕೊಲೆಗಾರನೆಂಬ ಮಾತನ್ನೂ ಆ ಮುದುಕರು ಹೊರಬೇಕಾಗಿ ಬಂದದ್ದಕ್ಕೆ ಸುದ್ದಿ ಮುಂದಕ್ಕೆ ತಳ್ಳಿದ ಪ್ರತಿಯೊಬ್ಬರದೂ ಪಾಲಿದೆ.

ಸುಳ್ಳು ಸುದ್ದಿ ಮಾತಿನಲ್ಲೇ ಮುಗಿಯುವುದೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಭಾರತದ ವಿಮಾನಗಳಿಗೆ ಎರಡು ವಾರಗಳಲ್ಲಿ ನೂರಾರು ಹುಸಿ ಬಾಂಬ್ ಬೆದರಿಕೆಗಳು ಬಂದವು. ಹೆಚ್ಚಿನವು ಸಾಮಾಜಿಕ ಜಾಲತಾಣದಲ್ಲಿ ಒಂದು ಸಾಲು ಬರೆದು ಹಾಕಿದ್ದು. ದೆಹಲಿಯಿಂದ ಶಿಕಾಗೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅಂಥ ಒಂದು ಸಾಲಿನಿಂದಾಗಿ ಕೆನಡಾದ ಉತ್ತರ ಭಾಗದ ಇಕಾಲುಯಿಟ್ ಎಂಬ ಹಿಮದೂರಿನಲ್ಲಿ ಇಳಿಯಬೇಕಾಯಿತು. ಇನ್ನೂರಕ್ಕೂ ಹೆಚ್ಚು ಜನ. ಕೊನೆಗೆ ಕೆನಡಾ ವಾಯುಪಡೆಯ ವಿಮಾನ ಬಂದು ಅವರನ್ನು ಶಿಕಾಗೋಗೆ ತಲುಪಿಸಿತು. ಬಾಂಬ್ ಇರಲಿಲ್ಲ. ಬೆದರಿಕೆಯನ್ನು ನಿರ್ಲಕ್ಷಿಸುವ ಸ್ವಾತಂತ್ರ್ಯ ಪೈಲಟ್‌ಗೆ ಇಲ್ಲ, ಅವನು ಪ್ರತಿ ಸಲವೂ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಅನುಮಾನಪಡುವ ಸ್ವಾತಂತ್ರ್ಯ ಇರುವುದು ನೆಲದ ಮೇಲಿರುವ ನಮಗೆ.

ಆ ಸ್ವಾತಂತ್ರ್ಯವನ್ನು ಬಳಸುವುದು ಕಷ್ಟವೇನಲ್ಲ. ಮನೆಯ ಗುಂಪಿನಲ್ಲಿ ಇಂಥ ಸುದ್ದಿ ಹಾಕಿದವರು ಹಿರಿಯರಾದರೆ ಎದುರು ಮಾತಾಡಲು ಸಂಕೋಚವಾಗುತ್ತದೆ. ವಾದ ಮಾಡಬೇಕಿಲ್ಲ. ‘ಮಾವ, ಫ್ಲೈಟ್ ನಂಬರ್ ಎಷ್ಟು? ಯಾವ ತಾರೀಕಿನದ್ದು?’ ಎಂದು ಕೇಳಿದರೆ ಸಾಕು. ನಂಬರು, ತಾರೀಕು, ಊರು ಮೂರೂ ಇಲ್ಲದ ಸುದ್ದಿಯನ್ನು ಅಲ್ಲಿಗೇ ಬಿಡಿ. ಇದ್ದರೆ ವಿಮಾನದ ಓಡಾಟ ತೋರಿಸುವ ಜಾಲತಾಣಗಳಲ್ಲಿ ಆ ದಿನ ಆ ವಿಮಾನ ಎಲ್ಲಿಗೆ ಹೋಯಿತೆಂದು ನೋಡಬಹುದು. ಬಾಲದ ಬಳಿ ‘ವಿಟಿ’ ಎಂದು ಶುರುವಾಗುವ ಅಕ್ಷರಗಳಿದ್ದರೆ ಅದು ಭಾರತದಲ್ಲಿ ನೋಂದಣಿಯಾದ ವಿಮಾನ. ಭಾರತದ್ದೆಂದು ಹೇಳಿದ ವಿಡಿಯೊದಲ್ಲಿ ಬೇರೆ ಅಕ್ಷರವಿದ್ದರೆ ಅಲ್ಲಿಗೇ ಅನುಮಾನ ಶುರುವಾಗಬೇಕು. ‘ನಾನು ಆ ವಿಮಾನದಲ್ಲಿದ್ದೆ’ ಎಂದು ಹೇಳುವವನ ಮಾತು ಮನಕಲಕುವಂತಿದ್ದರೂ 297ನ್ನು ನೆನಪಿಟ್ಟುಕೊಳ್ಳಿ.

ಅಪಘಾತವೇ ಆಗಿದ್ದರೆ ಕಾಯಿರಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರಾಥಮಿಕ ವರದಿ 30 ದಿನಗಳೊಳಗೆ ಬರಬೇಕು. ಅಂತಿಮ ವರದಿಗೆ ವರ್ಷವಾಗಬಹುದು, ಹೆಚ್ಚೂ ಆಗಬಹುದು. ಅದು ಬಂದಾಗ ಸುದ್ದಿ ಹಳತಾಗಿರುತ್ತದೆ, ಟಿ.ವಿ.ಯವರು ಬೇರೆ ಕಡೆ ಹೋಗಿರುತ್ತಾರೆ. ಆಗಲೂ ಅದನ್ನು ತೆಗೆದು ಓದಿ. ಮಂಗಳೂರು ದುರಂತದ ವರದಿ ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ದಾಖಲೆ. ಬಜಪೆಗೆ ವಿಮಾನದಲ್ಲಿ ಬಂದಿಳಿಯುವವರು, ಅಲ್ಲಿಂದ ಮನೆಯವರನ್ನು ಕಳಿಸಿಕೊಡುವವರು ಒಮ್ಮೆಯಾದರೂ ಅದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.